ಹಾಯಿದೋಣಿ ಬಾತುದೋಣಿಯಾದ ಆರು ತಿಂಗಳು

ಹೋದ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮತ್ತು ನನ್ನ ಮಗ ಸೇರಿ ಎರಡು ಹಳೆಯ ಹಾಯಿದೋಣಿಗಳನ್ನು ಬಾತು ಬೇಟೆಯ ದೋಣಿಗಳಾಗಿ ಮಾಡಿದೆವು. ಮಗನಿಗೆ 14 ವರ್ಷ. ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಕೆಲಸ ಮುಗಿದು ದೋಣಿ ಗ್ಯಾರೇಜು ಸೇರಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲಿ ನಮಗೆ ಗೊತ್ತಿಲ್ಲದ ನಾಲ್ಕೈದು ವಿಷಯಗಳಿಂದ ಸುಮಾರು ಎರಡು ತಿಂಗಳು ಹಾಳಾಯಿತು. ಇದೇ ದಾರಿ ಹಿಡಿಯುವವರಿಗೆ ಅಷ್ಟಾದರೂ ಉಳಿಯಲಿ.

ಇದು ಶುರುವಾದದ್ದು ಪಕ್ಕದ ಮನೆಯ ಅಜ್ಜನಿಂದ. ಅವರು ಚಿಕ್ಕಂದಿನಿಂದ ಬಾತು ಬೇಟೆ ಆಡಿದವರು. ಅದರ ಹಿಂದಿನ ವರ್ಷ ಮಗನನ್ನು ಸುಮ್ನೆ ನೋಡಲಿ ಅಂತ ಜೊತೆಗೆ ಕರೆದುಕೊಂಡು ಹೋಗಿದ್ದರು. ಬೆಳಗಿನ ಜಾವ ಎದ್ದು ಹೋದವನು ಮಧ್ಯಾಹ್ನ ಕೆಸರು ಮೆತ್ತಿಕೊಂಡು ಬಂದ. ಅವತ್ತಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಚಳಿಗಾಲದಲ್ಲಿ ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದ. ಇಲ್ಲಿ 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆಲ್ಲ ಆ ಕೋರ್ಸ್ ಬೇಕು. ಆಮೇಲೆ ದೋಣಿಯ ಮಾತು ತೆಗೆದ.

ನನಗೆ ಒಪ್ಪಲು ಒಂದು ವಾರ ಹಿಡಿಯಿತು. ನಾವು ಮಾಂಸ ತಿನ್ನುವವರೇ. ಆದರೂ ಅಂಗಡಿಯಿಂದ ತರುವುದು ಬೇರೆ, ಮಗ ತನ್ನ ಕೈಯಿಂದ ಒಂದು ಹಕ್ಕಿಯ ಪ್ರಾಣ ತೆಗೆಯುವುದು ಬೇರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಂದರೆ ಅಪರಾಧ. ಹಾಗೇ ಬೆಳೆದವಳು ನಾನು. ಇಲ್ಲಿ ಅದು ಲೆಕ್ಕ ಇಟ್ಟು, ದಿನ ಗೊತ್ತುಮಾಡಿ, ಇಷ್ಟೇ ಹಕ್ಕಿ ಅಂತ ಮಿತಿ ಹಾಕಿ ನಡೆಸುವ ಕೆಲಸ. 16 ತುಂಬಿದ ಬಾತು ಬೇಟೆಗಾರರೆಲ್ಲ ಪ್ರತಿ ವರ್ಷ 25 ಡಾಲರ್ ಕೊಟ್ಟು ಡಕ್ ಸ್ಟ್ಯಾಂಪ್ ಎಂಬ ಬೇಟೆಯ ಪರವಾನಗಿ ಚೀಟಿ ತೆಗೆದುಕೊಳ್ಳಬೇಕು. 1934ರಿಂದ ನಡೆದುಬಂದ ಪದ್ಧತಿ. ಆ ಹಣದಲ್ಲಿ ಡಾಲರಿಗೆ 98 ಸೆಂಟ್ ಜವುಗು ಭೂಮಿ ಉಳಿಸಲು ಹೋಗುತ್ತದೆ. ಇದನ್ನೆಲ್ಲ ಮಗನೇ ಓದಿ ನನಗೆ ಹೇಳಿದ. ಕೊನೆಗೆ ನಾನು ಒಂದೇ ಮಾತು ಹೇಳಿದೆ: ಹೊಡೆದದ್ದನ್ನು ನೀನೇ ಸ್ವಚ್ಛ ಮಾಡಬೇಕು, ನಾವೆಲ್ಲ ಕೂತು ತಿನ್ನಬೇಕು. ಅವನು ಒಪ್ಪಿದ.

ಈಗ ದೋಣಿಯ ವಿಷಯ. ಬಾತು ಬೇಟೆಯ ದೋಣಿ ನೀರಿನಿಂದ ಜಾಸ್ತಿ ಮೇಲೆ ಕಾಣಬಾರದು. ಬೇಟೆಗಾರ ಅದರೊಳಗೆ ಅಂಗಾತ ಮಲಗುತ್ತಾನೆ. ಸುತ್ತ ಒಣಹುಲ್ಲು ಹೊದಿಸಿರುತ್ತಾರೆ. ಬಾತುಗಳು ಇಳಿಯಲು ಬಂದಾಗ ಎದ್ದು ಕೂರುತ್ತಾನೆ. ಹೊಸದು ಕೊಳ್ಳುವಷ್ಟು ಹಣ ಹಾಕುವ ಮನಸ್ಸಿರಲಿಲ್ಲ. ಹಳೆಯ ಸನ್‌ಫಿಶ್ ಹಾಯಿದೋಣಿ ಹುಡುಕಿ ಅಂದರು ಅಜ್ಜ. 1950ರ ದಶಕದಲ್ಲಿ ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿದ್ದ ಆಲ್ಕಾರ್ಟ್ ಕಂಪನಿ ತಂದ ದೋಣಿ ಅದು. ಉದ್ದ ಹತ್ತಿರ ಹತ್ತಿರ 14 ಅಡಿ, ಅಗಲ 4 ಅಡಿ. ಚಪ್ಪಟೆ, ತಗ್ಗು, ಮೇಲೆ ಪೂರ್ತಿ ಮುಚ್ಚಿದ ಡೆಕ್. ಹಾಯಿ ಹರಿದೋ ಕಂಬ ಮುರಿದೋ ಮನೆಗಳ ಹಿತ್ತಲಲ್ಲಿ ಎಷ್ಟೋ ಬಿದ್ದಿರುತ್ತವೆ.

ಹಾಯಿದೋಣಿಯನ್ನು ಬೇಟೆಗೆ ತಿರುಗಿಸುವುದು ವಿಚಿತ್ರ ಅಂತ ನನಗೆ ಅನ್ನಿಸಿತ್ತು. ಅಜ್ಜ ನ್ಯೂಜೆರ್ಸಿಯ ಸ್ನೀಕ್‌ಬಾಕ್ಸ್ ದೋಣಿಯ ಕಥೆ ಹೇಳಿದರು. 1836ರಲ್ಲಿ ಹೇಝಲ್ಟನ್ ಸೀಮನ್ ಎಂಬಾತ ಬಾರ್ನೆಗಾಟ್ ಕೊಲ್ಲಿಯ ಬಾತು ಬೇಟೆಗೆ ಮಾಡಿದ ಪುಟ್ಟ ದೋಣಿಯಂತೆ ಅದು. ಅದಕ್ಕೂ ಮುಚ್ಚಿದ ಡೆಕ್, ಅದಕ್ಕೂ ಹಾಯಿ, ಅದರ ಮೇಲೂ ಹುಲ್ಲು. ಅಂದರೆ ಈ ಎರಡು ಜಾತಿಯ ದೋಣಿಗಳು ಮೊದಲಿಂದಲೇ ನೆಂಟರು.

ಮೊದಲನೇ ದೋಣಿ 100 ಡಾಲರಿಗೆ ಸಿಕ್ಕಿತು. ತೀರಿಕೊಂಡ ತಂದೆಯ ಸಾಮಾನುಗಳನ್ನು ಮಗ ಒಬ್ಬರು ಖಾಲಿ ಮಾಡುತ್ತಿದ್ದರು. ಎರಡನೆಯದು ಬಿಟ್ಟಿ. ಕೊಟ್ಟವರಿಗೆ ಹಿತ್ತಲು ಖಾಲಿಯಾದರೆ ಸಾಕಿತ್ತು. ಬಾಡಿಗೆ ಟ್ರೈಲರ್ ಮೇಲೆ ಏರಿಸಲು ಮೊದಲನೆಯದನ್ನು ನಾಲ್ಕು ಜನ ಎತ್ತಬೇಕಾಯಿತು. ಇಷ್ಟು ಭಾರ ಇರಬಾರದಲ್ವಾ ಅಂತ ಮಗ ಕೇಳಿದ. ನಾನು ಹಳೆಯ ಕಾಲದ ಗಟ್ಟಿ ಸಾಮಾನು ಅಂದುಕೊಂಡೆ. ಅವನು ಕೇಳಿದ್ದು ಸರಿ ಇತ್ತು.

ಮನೆಗೆ ಬಂದಮೇಲೆ ಅಜ್ಜ ಬಚ್ಚಲುಮನೆಯ ತೂಕದ ಯಂತ್ರ ತರಲು ಹೇಳಿದರು. ದೋಣಿಯ ಮುಂದಿನ ತುದಿ ಯಂತ್ರದ ಮೇಲೆ, ಹಿಂದಿನ ತುದಿ ಅಷ್ಟೇ ಎತ್ತರದ ಮರದ ತುಂಡಿನ ಮೇಲೆ. ಒಂದು ಅಂಕಿ ಬರೆದುಕೊಂಡು, ಆಮೇಲೆ ಅದಲುಬದಲು ಮಾಡಿ ಇನ್ನೊಂದು. ಎರಡನ್ನೂ ಕೂಡಿಸಿದರೆ ತೂಕ. ಒಣಗಿದ ಸನ್‌ಫಿಶ್ ಸುಮಾರು 130 ಪೌಂಡ್ ಇರಬೇಕು. ನಮ್ಮದು 198. ಇನ್ನೊಂದು 167. ಮಗ ಆ ಅಂಕಿಗಳನ್ನು ಮಾಸ್ಕಿಂಗ್ ಟೇಪ್ ಮೇಲೆ ತಾರೀಕು ಸಮೇತ ಬರೆದು ದೋಣಿಗೆ ಅಂಟಿಸಿದ.

ಹೆಚ್ಚಾದ ಆ ತೂಕ ಏನು ಗೊತ್ತಾ? ನೀರು. ಈ ದೋಣಿಗಳ ಒಳಗೆ ಬಿಳಿ ಫೋಮಿನ ದೊಡ್ಡ ದಿಮ್ಮಿಗಳಿರುತ್ತವೆ. ಡೆಕ್ಕಿಗೆ ಆಸರೆ ಅದೇ, ದೋಣಿ ಮುಳುಗದ ಹಾಗೆ ತೇಲಿಸುವುದೂ ಅದೇ. ಬಿರುಕಿನಿಂದ ವರ್ಷಾನುಗಟ್ಟಲೆ ಜಿನುಗಿದ ನೀರನ್ನು ದಿಮ್ಮಿಗಳು ಮತ್ತು ಅವನ್ನು ಅಂಟಿಸಿದ ಹಳದಿ ಫೋಮು ಹೀರಿಕೊಂಡಿರುತ್ತವೆ. ದೋಣಿ ಕವುಚಿ ಹಾಕಿದರೆ ಒಂದು ಹನಿಯೂ ಬರಲ್ಲ. ಹೊರಗಿನಿಂದ ಏನೂ ಕಾಣಲ್ಲ. ಆದ್ದರಿಂದ ಹಳೆಯ ದೋಣಿ ನೋಡಲು ಹೋಗುವಾಗ ತೂಕದ ಯಂತ್ರ ಒಯ್ಯಿರಿ. ಬಣ್ಣ ಹೋಗಿದ್ದರೆ ಪರವಾಗಿಲ್ಲ, ಚಿಕ್ಕ ತೂತಿದ್ದರೂ ಪರವಾಗಿಲ್ಲ. 200ರ ಹತ್ತಿರ ತೂಗಿದರೆ ಒಣಗಿಸಲು ತಿಂಗಳುಗಳು ಬೇಕು ಅಂತ ಗೊತ್ತಿದ್ದೇ ತೆಗೆದುಕೊಳ್ಳಿ.

ಒಣಗಿಸುವುದಕ್ಕೆ ಡೆಕ್ಕಿನಲ್ಲಿ ಮುಂದೊಂದು ಹಿಂದೊಂದು 6 ಇಂಚಿನ ಗುಂಡು ತೂತು ಕೊರೆದೆವು. ಆಮೇಲೆ ಅವಕ್ಕೆ ತಿರುಗಿಸಿ ಮುಚ್ಚುವ ಮುಚ್ಚಳ ಹಾಕಬಹುದು, ಹಾಗಾಗಿ ಹೆದರಬೇಡಿ. ಒಂದು ತೂತಿಗೆ ಚಿಕ್ಕ ಫ್ಯಾನ್ ಇಟ್ಟೆವು, ಇನ್ನೊಂದು ಗಾಳಿ ಹೊರಬರಲು ತೆರೆದಿತ್ತು. ಮಾರ್ಚ್‌ನಲ್ಲಿ ಇಲ್ಲಿ ಇನ್ನೂ ಹಿಮ. ತಣ್ಣಗಿನ ಗ್ಯಾರೇಜಿನಲ್ಲಿ ಫ್ಯಾನ್ ಎರಡು ವಾರ ತಿರುಗಿದರೂ ಇಳಿದದ್ದು 6 ಪೌಂಡ್. ಗ್ಯಾರೇಜಿಗೆ ಹೀಟರ್ ಹಾಕಿ, ಒಂದು ಮೂಲೆಯಲ್ಲಿ ಗಾಳಿಯ ತೇವ ಹೀರುವ ಯಂತ್ರ ಇಟ್ಟ ಮೇಲೆ ಅಂಕಿ ಇಳಿಯಲು ಶುರುವಾಯಿತು.

ಪ್ರತಿ ಭಾನುವಾರ ತೂಕ. 192, 187, 179. ಮಗನಿಗೆ ಅದೇ ಹಬ್ಬ. ಒಂದು ಭಾನುವಾರ ಒಂದು ಪೌಂಡೂ ಇಳಿಯದೆ ಮುಖ ಬಾಡಿಸಿಕೊಂಡು ಕೂತಿದ್ದ. ಫ್ಯಾನ್ ಮುಂದಿನಿಂದ ತೆಗೆದು ಹಿಂದಕ್ಕೆ ಇಟ್ಟು ನೋಡಿದೆವು, ಮತ್ತೆ ಇಳಿಯಿತು. ಮೇ ಕೊನೆಗೆ ಮೊದಲನೆಯದು 141ಕ್ಕೆ ಬಂತು, ಎರಡನೆಯದು 134ಕ್ಕೆ. ಅಲ್ಲಿಗೆ ಸಾಕು ಅಂತ ಅಜ್ಜ ಹೇಳಿದರು. ಹತ್ತು ವಾರ ನಾವು ಬೇರೇನೂ ಮಾಡಲಿಲ್ಲ. ಆದರೆ ಮಾಡಬಹುದಾಗಿತ್ತು. ಆ ಹತ್ತು ವಾರದಲ್ಲಿ ಕಾಗದಪತ್ರದ ಕೆಲಸ ಮುಗಿಸಬೇಕಿತ್ತು. ನಾವು ಅದನ್ನು ಜೂನ್‌ಗೆ ತಳ್ಳಿದೆವು. ನೀವು ಹಾಗೆ ಮಾಡಬೇಡಿ.

ಒಣಗಿದ ಮೇಲೆ ಸೋರುವ ಜಾಗ ಹುಡುಕಬೇಕು. ನೀರು ಬಿಡುವ ತೂತಿನಿಂದ ಒಳಗೆ ಸ್ವಲ್ಪವೇ ಗಾಳಿ ತುಂಬಿ, ಹೊರಗಡೆ ಸೋಪಿನ ನೀರು ಬಳಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಮಾತ್ರ ಹಚ್ಚಬೇಡಿ. ಡೆಕ್ ಮತ್ತು ಒಡಲು ಸೇರುವ ಅಂಚೇ ಬಿಟ್ಟುಕೊಳ್ಳಬಹುದು. ನಾವು ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬದಿಯನ್ನು ದೂರದಿಂದ ಹಿಡಿದೆವು. ಕಾಕ್‌ಪಿಟ್ಟಿನ, ಅಂದರೆ ಕೂತವರು ಕಾಲು ಇಳಿಬಿಡುವ ಗುಂಡಿಯ, ಮುಂದಿನ ಗೋಡೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಒಡೆದದ್ದಲ್ಲ, ಒಳಗಿನ ಗಾಳಿ ಬಿಸಿಲಿಗೆ ಹಿಗ್ಗಿದಾಗ ಹೊರಬರಲಿ ಅಂತ ಇಟ್ಟದ್ದು. ಪರೀಕ್ಷೆಗೆ ಮುಂಚೆ ಅದಕ್ಕೆ ಟೇಪ್ ಹಚ್ಚಿ.

ಜೂನ್ ಮೊದಲ ವಾರ ಗರಗಸ ಹಿಡಿದೆವು. ಸನ್‌ಫಿಶ್‌ನಲ್ಲಿ ಕಾಲು ಇಳಿಬಿಡಲು ಒಂದು ಪುಟ್ಟ ಗುಂಡಿ ಇರುತ್ತದೆ ಅಷ್ಟೇ. ಮಲಗಲು ಅದು ಸಾಲದು. ಮಗ ಗ್ಯಾರೇಜಿನ ನೆಲದ ಮೇಲೆ ದಪ್ಪ ಕೋಟು, ಬೂಟು ಹಾಕಿಕೊಂಡು ಮಲಗಿದ. ಅವನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಅಳತೆ ರಟ್ಟಿಗೆ, ರಟ್ಟಿನಿಂದ ಡೆಕ್ಕಿಗೆ. ಆರೂವರೆ ಅಡಿ ಉದ್ದ, 26 ಇಂಚು ಅಗಲ. ರವಿಕೆ ಹೊಲಿಯುವಾಗ ಅಳತೆ ಬಟ್ಟೆ ಇಟ್ಟುಕೊಳ್ಳುವ ಹಾಗೆ ಆ ರಟ್ಟನ್ನು ಎರಡನೇ ದೋಣಿಗೂ ಇಟ್ಟುಕೊಂಡೆವು. ಬೇಸಿಗೆ ಬಟ್ಟೆಯಲ್ಲಿ ಅಳತೆ ತೆಗೆದಿದ್ದರೆ ಸೆಪ್ಟೆಂಬರ್ ಬೆಳಗಿನ ಚಳಿಯಲ್ಲಿ ಅವನು ಒಳಗೆ ಹಿಡಿಸುತ್ತಿರಲಿಲ್ಲ.

ಕಷ್ಟ ಬಂದದ್ದು ಕಾಲು ಚಾಚುವ ಕಡೆ. ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಸರಿಯದಿರಲು ನಡುವಿನ ಸೀಳಿನಲ್ಲಿ ಒಂದು ಹಲಗೆ ಇಳಿಸುತ್ತಾರೆ. ಆ ಸೀಳಿನ ಪೆಟ್ಟಿಗೆ ಡೆಕ್ಕಿನಿಂದ ತಳದವರೆಗೆ ನಿಂತಿರುತ್ತದೆ, ಮೊಣಕಾಲು ಬರುವ ಜಾಗದಲ್ಲೇ. ಅದನ್ನು ಕೊಯ್ದು ತೆಗೆದರೆ ತಳದಲ್ಲಿ ತೂತು ಉಳಿಯುತ್ತದೆ, ಡೆಕ್ಕಿಗೂ ಆಸರೆ ಹೋಗುತ್ತದೆ. ತಳದ ತೂತಿನ ಸುತ್ತ ಅಂಚನ್ನು ಅಗಲಕ್ಕೆ, ತಟ್ಟೆಯ ಅಂಚಿನಂತೆ ಇಳಿಜಾರಾಗಿ ಉಜ್ಜಿದೆವು. ದಪ್ಪದ ಹನ್ನೆರಡು ಪಟ್ಟು ಅಗಲ ಇರಬೇಕು ಎನ್ನುವುದು ಈ ಕೆಲಸದವರ ಲೆಕ್ಕ. ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಪದರ ಪದರವಾಗಿ ಕೂರಿಸಿದೆವು, ಒಳಗಿಂದಲೂ ಹೊರಗಿಂದಲೂ. ಡೆಕ್ಕಿನ ಕೆಳಗೆ ಅಡ್ಡಕ್ಕೆ ಮರೈನ್ ಪ್ಲೈವುಡ್ಡಿನ ಪಟ್ಟಿ ಕೊಟ್ಟೆವು.

ಫೈಬರ್‌ಗ್ಲಾಸ್ ಉಜ್ಜುವಾಗ ಏಳುವ ಧೂಳು ಕಣ್ಣಿಗೆ ಹಿಟ್ಟಿನ ಹಾಗೆ ಕಾಣುತ್ತದೆ. ಚರ್ಮಕ್ಕೆ ಸೂಜಿ. ಒಳ್ಳೆಯ ರೆಸ್ಪಿರೇಟರ್ ಇಬ್ಬರಿಗೂ ಬೇಕು, ಬಟ್ಟೆಯ ಮಾಸ್ಕ್ ಅಲ್ಲ. ತುಂಬು ತೋಳಿನ ಅಂಗಿ ಹಾಕಿ ಮಣಿಕಟ್ಟಿಗೆ ಟೇಪ್ ಸುತ್ತಿ. ಕೆಲಸ ಆದಮೇಲೆ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಮೊದಲ ದಿನ ಮಗನ ಮೊಣಕೈ ಒಳಭಾಗ ಕೆಂಪಾಗಿ ರಾತ್ರಿಯೆಲ್ಲ ಕೆರೆದುಕೊಂಡ. ಅವತ್ತು ನನಗೆ ಇದನ್ನು ಇಲ್ಲಿಗೇ ಬಿಟ್ಟುಬಿಡೋಣ ಅನ್ನಿಸಿತ್ತು.

ದೊಡ್ಡ ತಪ್ಪು ಆದದ್ದು ಅದರ ಮಾರನೇ ವಾರ. ಫೈಬರ್‌ಗ್ಲಾಸ್ ಅಂಟಿಸಲು ಎರಡು ಬಗೆಯ ರೆಸಿನ್ ಸಿಗುತ್ತವೆ. ಪಾಲಿಯೆಸ್ಟರ್ ಅಗ್ಗ, ಎಪಾಕ್ಸಿ ದುಬಾರಿ. ಮೂಲ ದೋಣಿ ಪಾಲಿಯೆಸ್ಟರಿನದೇ ಅಲ್ವಾ ಅಂತ ನಾನು ಅಗ್ಗದ್ದು ತಂದೆ. ಕಾಕ್‌ಪಿಟ್ಟಿನ ಬದಿಗೆ ಹಚ್ಚುವಾಗ ಅದು ಹರಿದು ಒಳಗಿನ ಫೋಮಿನ ದಿಮ್ಮಿ ಮುಟ್ಟಿತು. ನಮ್ಮ ಕಣ್ಣೆದುರೇ ದಿಮ್ಮಿ ಕುಸಿಯತೊಡಗಿತು. ಬೆಲ್ಲದ ಅಚ್ಚಿನ ಮೇಲೆ ಬಿಸಿನೀರು ಹುಯ್ದ ಹಾಗೆ. ಸಣ್ಣ ಸದ್ದು, ಕಟುವಾದ ವಾಸನೆ, ಬೊಗಸೆಯಷ್ಟು ಹಳ್ಳ. ಮಗ ಕೈಗವಸಿನಿಂದ ಒರೆಸಲು ಹೋದ. ಒರೆಸಿದಷ್ಟೂ ಹಳ್ಳ ದೊಡ್ಡದಾಯಿತು. ಪಾಲಿಯೆಸ್ಟರಿನಲ್ಲಿ ಸ್ಟೈರೀನ್ ಇರುತ್ತದೆ. ಆ ದಿಮ್ಮಿ ಪಾಲಿಸ್ಟೈರೀನ್. ಒಂದು ಇನ್ನೊಂದನ್ನು ಕರಗಿಸುತ್ತದೆ. ಪೆಟ್ರೋಲ್ ಚೆಲ್ಲಿದರೂ ಹೀಗೇ. ಎಪಾಕ್ಸಿ ಕರಗಿಸುವುದಿಲ್ಲ. ಉಳಿದ ಡಬ್ಬಿ ಪಕ್ಕಕ್ಕಿಟ್ಟು ಎಪಾಕ್ಸಿ ತಂದೆವು. ಹಾಳಾದ ಭಾಗ ಕೊಯ್ದು ತೆಗೆದು ಹೊಸ ಫೋಮ್ ಕೂರಿಸಲು ಎರಡು ಶನಿವಾರ, ಭಾನುವಾರ ಹೋದವು.

ಎಪಾಕ್ಸಿಗೂ ಅದರದೇ ನಡೆ ಇದೆ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಅಗಲವಾದ ತಟ್ಟೆಗೆ ಸುರಿದರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಕಾದಷ್ಟೇ ಕಲಸಿ. ಸಂದು ತುಂಬಲು ಅದಕ್ಕೆ ಪುಡಿ ಬೆರೆಸುತ್ತೇವೆ. ಹದ ಹೇಗಿರಬೇಕು ಅಂದರೆ ಚಟ್ನಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ. ಬಟ್ಟೆ ಕತ್ತರಿಸುವ ಕೆಲಸ ನನ್ನದಾಗಿತ್ತು. ಮೂಲೆಗಳಿಗೆ ಓರೆ ನೇಯ್ಗೆಯಲ್ಲಿ ಕತ್ತರಿಸಿದ ಪಟ್ಟಿ ಸೊಗಸಾಗಿ ಕೂರುತ್ತದೆ. ನೇರ ಕತ್ತರಿಸಿದ್ದು ಮೇಲೇಳುತ್ತದೆ. ಹೊಲಿಗೆ ಗೊತ್ತಿರುವವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿ. ಎಪಾಕ್ಸಿ ಗಟ್ಟಿಯಾದ ಮೇಲೆ ಅದರ ಮೈ ಮೇಲೆ ಮೇಣದಂಥ ಜಿಡ್ಡು ಕೂರುವುದುಂಟು. ಸಾದಾ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಮೊದಲು ತೊಳೆಯಬೇಕು, ಆಮೇಲೆ ಉಜ್ಜಬೇಕು. ನಾವು ತೊಳೆಯದೆ ಉಜ್ಜಿ ಪ್ರೈಮರ್ ಬಳಿದೆವು. ಮಾರನೇ ದಿನ ಉಗುರು ತಾಗಿಸಿದರೆ ಪ್ರೈಮರ್ ಹಾಳೆಯಂತೆ ಎದ್ದು ಬಂತು. ಒಂದು ಬದಿಯನ್ನು ಪೂರ್ತಿ ಕೆರೆದು ಮತ್ತೆ ಮಾಡಿದೆವು.

ಈಗ ಕಾಗದಪತ್ರ. ವಿಸ್ಕಾನ್ಸಿನ್‌ನಲ್ಲಿ ಮೋಟಾರ್ ಇರುವ ದೋಣಿಗೆಲ್ಲ ನೋಂದಣಿ ಬೇಕು, ಬ್ಯಾಟರಿಯಿಂದ ಓಡುವ ಚಿಕ್ಕ ಟ್ರೋಲಿಂಗ್ ಮೋಟಾರ್ ಆದರೂ ಸರಿ. 12 ಅಡಿ ಮೀರಿದ ಹಾಯಿದೋಣಿಗೂ ಬೇಕು. 16 ಅಡಿಗಿಂತ ಚಿಕ್ಕ ಮೋಟಾರ್ ದೋಣಿಗೆ ಮೂರು ವರ್ಷಕ್ಕೆ ನಾವು ಕೊಟ್ಟದ್ದು 22 ಡಾಲರ್. ಹಣ ದೊಡ್ಡದಲ್ಲ, ದಾಖಲೆ ಹೊಂದಿಸುವುದೇ ದೊಡ್ಡದು. ಮೊದಲನೇ ದೋಣಿ ತೀರಿಕೊಂಡವರ ಹೆಸರಿನಲ್ಲಿತ್ತು. ನಮಗೆ ರಸೀದಿ ಬರೆದುಕೊಟ್ಟದ್ದು ಅವರ ಮಗ. ಅವರಿಗೆ ಮಾರುವ ಹಕ್ಕು ಇದೆ ಅನ್ನುವ ಕಾಗದ ನಾವು ಕೇಳಿಯೇ ಇರಲಿಲ್ಲ. ಮತ್ತೆ ಅವರನ್ನು ಹುಡುಕಿ, ಸಂಕೋಚದಿಂದಲೇ ಕೇಳಿದೆ. ಪಾಪ, ಅವರು ಬೇರೆ ಊರಿಗೆ ಹೋಗಿದ್ದರು. ಕಾಗದ ಅಂಚೆಯಲ್ಲಿ ಬರಲು ಮೂರು ವಾರ. ದೋಣಿ ತೆಗೆದುಕೊಳ್ಳುವ ದಿನವೇ ನೋಂದಣಿ ಯಾರ ಹೆಸರಿನಲ್ಲಿದೆ ನೋಡಿ. ಬಿಟ್ಟಿ ಸಿಕ್ಕಿದರೂ ತಾರೀಕು, ಎರಡೂ ಕಡೆಯ ಸಹಿ ಇರುವ ರಸೀದಿ ಬರೆಸಿಕೊಳ್ಳಿ.

ಎರಡನೆಯದರ ತೊಡಕು ಬೇರೆ. 1972ರ ನವೆಂಬರ್‌ನಿಂದ ಈಚೆಗೆ ಇಲ್ಲಿ ಮಾಡಿದ ದೋಣಿಗಳ ಹಿಂಭಾಗದ ಬಲಗಡೆ ಒಡಲಿನ ಗುರುತಿನ ಸಂಖ್ಯೆ ಕೆತ್ತಿರುತ್ತದೆ. ನಮ್ಮದು ಅದಕ್ಕಿಂತ ಹಳೆಯದು. ಮಗ ಟಾರ್ಚ್ ಹಿಡಿದು, ಹಿಟ್ಟು ಸವರಿ ಎಲ್ಲ ಕಡೆ ಹುಡುಕಿದ. ಸಿಗಲಿಲ್ಲ. ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟು ಕಳಿಸಿದೆವು. ವಾಪಸ್ ಬಂತು. ಎರಡನೇ ಸಲ ದೋಣಿಯ ಫೋಟೋಗಳು, ಸಂಖ್ಯೆ ಯಾಕಿಲ್ಲ ಅನ್ನುವ ಪತ್ರ ಎರಡನ್ನೂ ಇಟ್ಟು ಕಳಿಸಿದೆವು. ಹೊಸ ಸಂಖ್ಯೆ ಕೊಟ್ಟರು. ಎಲ್ಲ ಸೇರಿ ಏಳು ವಾರ. ಅಷ್ಟು ದಿನವೂ ಮಗ ಶಾಲೆಯಿಂದ ಬಂದ ಕೂಡಲೇ ಮೊದಲು ಅಂಚೆಪೆಟ್ಟಿಗೆ ನೋಡುತ್ತಿದ್ದ, ಆಮೇಲೆ ಬೇಸಿಗೆ ರಜೆಯಲ್ಲಿ ಅದರ ಎದುರೇ ಕೂರುತ್ತಿದ್ದ.

ನೋಂದಣಿ ಸಂಖ್ಯೆಯನ್ನು ದೋಣಿಯ ಮುಂದಿನ ಅರ್ಧದಲ್ಲಿ ಎರಡೂ ಬದಿಗೆ, ಕನಿಷ್ಠ 3 ಇಂಚು ಎತ್ತರದ ಅಕ್ಷರದಲ್ಲಿ, ಎದ್ದು ಕಾಣುವ ಬಣ್ಣದಲ್ಲಿ ಹಾಕಬೇಕು. ಕಷ್ಟಪಟ್ಟು ಮಂಕು ಹಸಿರು ಬಣ್ಣ ಬಳಿದ ದೋಣಿಯ ಮೇಲೆ ತಿಳಿ ಬಣ್ಣದ ಅಕ್ಷರ. ಮಗನಿಗೆ ಬೇಜಾರಾಯಿತು. ಆದರೆ ನಿಯಮ ನಿಯಮವೇ. ಕತ್ತಲಲ್ಲಿ ಏನಾದರೂ ಆದರೆ ಹುಡುಕಿ ಬರುವವರಿಗೆ ಕಾಣಲಿ ಅನ್ನುವುದೂ ನನ್ನ ಮನಸ್ಸಿನಲ್ಲಿತ್ತು.

ಬಂದೂಕಿನ ವಿಷಯದಲ್ಲಿ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಇಲ್ಲಿನ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಕೈಗೆ ಬರುವ ಮೊದಲು ಬಂದೂಕಿನ ತಂಟೆಗೆ ಹೋಗಬೇಡಿ. ಇನ್ನು, ಬಾತು ಬೇಟೆಗೆ ಸೀಸದ ಗುಂಡು 1991ರಿಂದ ದೇಶದಾದ್ಯಂತ ನಿಷೇಧ, ಉಕ್ಕಿನಂಥವೇ ಬೇಕು. ಬಂದೂಕಿನಲ್ಲಿ ಒಂದು ಸಲಕ್ಕೆ ಮೂರು ಗುಂಡಿಗಿಂತ ಜಾಸ್ತಿ ಹಿಡಿಯಬಾರದು. ಮೋಟಾರ್ ನಿಲ್ಲಿಸಿ, ದೋಣಿಯ ಓಟವೂ ಪೂರ್ತಿ ನಿಂತ ಮೇಲೆಯೇ ಗುಂಡು ಹಾರಿಸಬಹುದು.

ಆಗಸ್ಟ್‌ನಲ್ಲಿ ತೇಲಿಸಿ ನೋಡಿದೆವು. ಇದನ್ನು ಮಾತ್ರ ಯಾರೂ ಬಿಡಬೇಡಿ. ಎದೆಮಟ್ಟದ ನೀರಿನಲ್ಲಿ ನಾನು, ಅಜ್ಜ ನಿಂತೆವು. ಮಗ ಲೈಫ್ ಜಾಕೆಟ್ ಹಾಕಿ ಒಳಗೆ ಮಲಗಿದ, ಎದ್ದು ಕೂತ, ಪಕ್ಕಕ್ಕೆ ವಾಲಿದ. ಚೆನ್ನಾಗೇ ಇತ್ತು. ಆಮೇಲೆ ಅವನನ್ನು ಇಳಿಸಿ ಬಕೆಟ್ಟಿನಿಂದ ಕಾಕ್‌ಪಿಟ್ ತುಂಬ ನೀರು ಸುರಿದೆವು. ಮೊದಲನೇ ದೋಣಿಯ ಹಿಂಭಾಗ ನಿಧಾನವಾಗಿ ಕೆಳಗಿಳಿಯಿತು. ಮೂತಿ ಮೇಲೆದ್ದಿತು. ನನ್ನ ಎದೆ ಧಸಕ್ ಅಂತು. ನವೆಂಬರಿನ ನೀರಿನಲ್ಲಿ, ನಾವಿಲ್ಲದಾಗ ಹೀಗಾಗಿದ್ದರೆ? ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟಿ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಕೆಲವೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಈಜು ಬಂದರೂ ಉಪಯೋಗಕ್ಕೆ ಬರುವುದಿಲ್ಲ.

ಕಾರಣ ನಮ್ಮದೇ ಲೆಕ್ಕದ ತಪ್ಪು. ಕಾಕ್‌ಪಿಟ್ ದೊಡ್ಡದು ಮಾಡುವಾಗ ಹಿಂದಿನ ಫೋಮ್ ಕೊಯ್ದಿದ್ದೆವು. ಹೊಸದನ್ನು ಮುಂದೆ ಜಾಸ್ತಿ ಹಾಕಿ ಹಿಂದೆ ಕಡಿಮೆ ಹಾಕಿದ್ದೆವು. ಬ್ಯಾಟರಿ ಮತ್ತು ಮೋಟಾರ್ ಕೂರುವುದೂ ಹಿಂದೆಯೇ. ಒಂದು ಘನ ಅಡಿ ನೀರು 62.4 ಪೌಂಡ್ ತೂಗುತ್ತದೆ. ಅಂದರೆ ಒಂದು ಘನ ಅಡಿ ಫೋಮ್ ಸುಮಾರು 60 ಪೌಂಡ್ ಭಾರ ಎತ್ತಿಹಿಡಿಯುತ್ತದೆ. ಮಗ ಹಾಳೆ ಹಿಡಿದು ಕೂತು ಬ್ಯಾಟರಿ, ಮೋಟಾರ್, ಬಂದೂಕು, ಡಿಕಾಯ್ ಬಾತುಗಳ (ನಿಜವಾದ ಬಾತುಗಳನ್ನು ಸೆಳೆಯಲು ತೇಲಿಬಿಡುವ ಗೊಂಬೆ ಬಾತುಗಳ) ಚೀಲ ಎಲ್ಲದರ ತೂಕ ಬರೆದ. ಹಿಂದಿನ ಡೆಕ್ಕಿನ ಕೆಳಗೆ ಎರಡೂ ಬದಿಗೆ ಸಮನಾಗಿ ಫೋಮ್ ಹಲಗೆ ಕತ್ತರಿಸಿ ಬಿಗಿಯಾಗಿ ಕೂರಿಸಿದೆವು, ಬ್ಯಾಟರಿಯನ್ನು ಮುಂದಕ್ಕೆ ತಂದೆವು. ಮತ್ತೆ ತುಂಬಿ ನೋಡಿದಾಗ ಡೆಕ್ ನೀರಿನ ಮಟ್ಟಕ್ಕೆ ಬಂದು ಸಮವಾಗಿ ನಿಂತಿತು. ಅವನು ನೀರಿನಿಂದ ತಾನೇ ಹೊಟ್ಟೆಯ ಮೇಲೆ ಒಳಗೆ ಹತ್ತಿದ. ಮೂರು ಸಲ ಹತ್ತಿಸಿದೆ.

ಹುಲ್ಲು ಹೊದಿಸುವುದು ಎಲ್ಲಕ್ಕಿಂತ ಹಗುರದ ಕೆಲಸ. ಡೆಕ್ಕಿನ ಸುತ್ತ ಸ್ಟೀಲಿನ ಚಿಕ್ಕ ಕೊಂಡಿಗಳು, ಅವುಗಳಲ್ಲಿ ಎಳೆದರೆ ಹಿಗ್ಗುವ ಹಗ್ಗ, ಅದಕ್ಕೆ ರಾಫಿಯಾ ನಾರಿನ ಕಟ್ಟುಗಳು. ಕಾಕ್‌ಪಿಟ್ಟಿನ ಸುತ್ತ ನೀರು ಒಳಗೆ ನುಗ್ಗದ ಹಾಗೆ ನಾಲ್ಕು ಇಂಚಿನ ಪ್ಲೈವುಡ್ ಕಟ್ಟೆ.

ಒಟ್ಟು ಖರ್ಚು ಎರಡೂ ದೋಣಿಗೆ ಸೇರಿ ಹತ್ತಿರ ಹತ್ತಿರ 1,170 ಡಾಲರ್. ನಾವು ಅಂದುಕೊಂಡದ್ದು 500. ಎಪಾಕ್ಸಿಗೇ 210 ಹೋಯಿತು. ಬ್ಯಾಟರಿ 110, ಹಳೆಯ ಟ್ರೋಲಿಂಗ್ ಮೋಟಾರ್ 90, ಎರಡು ಒಳ್ಳೆಯ ಲೈಫ್ ಜಾಕೆಟ್ 110, ಫೈಬರ್‌ಗ್ಲಾಸ್ ಬಟ್ಟೆ 85. ದೋಣಿಗೆ ಕೊಟ್ಟದ್ದು ಎಲ್ಲದರಲ್ಲಿ ಒಂದು ಚಿಕ್ಕ ಪಾಲು. ಗ್ಯಾರೇಜಿನ ಹೀಟರಿನ ಕರೆಂಟು ಇದರಲ್ಲಿ ಸೇರಿಲ್ಲ.

ಸೆಪ್ಟೆಂಬರ್‌ನಲ್ಲಿ ಇಲ್ಲಿ 15 ವರ್ಷದವರೆಗಿನ ಮಕ್ಕಳಿಗೆ ಅಂತಲೇ ಎರಡು ದಿನ ಬಾತು ಬೇಟೆ ಬಿಡುತ್ತಾರೆ. ದೊಡ್ಡವರು ಜೊತೆಗಿರಬೇಕು, ಬಾತು ಹೊಡೆಯುವಂತಿಲ್ಲ. ನಾವು ಹೊರಿಕಾನ್ ಜವುಗಿಗೆ ಹೋದೆವು. ಸುಮಾರು 33,000 ಎಕರೆಯ ಜೊಂಡಿನ ಜವುಗು ಅದು. ಉತ್ತರದ ಭಾಗ ಕೇಂದ್ರದ ವನ್ಯಜೀವಿ ತಾಣ, ದಕ್ಷಿಣದ ಮೂರನೇ ಒಂದು ಭಾಗ ರಾಜ್ಯದ್ದು. ನಾವಿದ್ದದ್ದು ರಾಜ್ಯದ ಭಾಗದಲ್ಲಿ. ಮೋಟಾರ್ ಮನೆಯಲ್ಲೇ ಬಿಟ್ಟು, ಉದ್ದನೆಯ ಗಳದಿಂದ ತಳ್ಳಿಕೊಂಡು ಹೋದೆವು. ಒಂದರಲ್ಲಿ ಮಗ, ಇನ್ನೊಂದರಲ್ಲಿ ನಾನು. ಅಜ್ಜ ತಮ್ಮ ದೋಣಿಯಲ್ಲಿ.

ಕತ್ತಲಲ್ಲೇ ಡಿಕಾಯ್ ಬಾತುಗಳನ್ನು ನೀರಿಗೆ ಬಿಟ್ಟು ಜೊಂಡಿನ ಅಂಚಿಗೆ ಸೇರಿಕೊಂಡೆವು. ನನ್ನ ದೋಣಿ ಅವನದಕ್ಕೆ ತಾಗಿಯೇ ಇತ್ತು. ಮಲಗಿದರೆ ಕಾಣುವುದು ಆಕಾಶ ಮಾತ್ರ. ತಳದ ಕೆಳಗೆ ನೀರು ಸರಿಯುವುದು ಬೆನ್ನಿಗೇ ಗೊತ್ತಾಗುತ್ತದೆ, ಫೈಬರ್‌ಗ್ಲಾಸ್ ಅಷ್ಟು ತೆಳು. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಬಹುದು. ಮಗ ಎರಡೆರಡು ಸಲ ಗಡಿಯಾರ ನೋಡಿಕೊಂಡ. ಮೊದಲು ಬಂದವು ತೀರಾ ಎತ್ತರದಲ್ಲಿ ಹಾದುಹೋದವು. ಎರಡನೇ ಗುಂಪು ಇಳಿಯಿತು. ಅವನು ಎದ್ದು ಕೂತ, ಬಂದೂಕು ಎತ್ತಿದ, ಹಾರಿಸಲಿಲ್ಲ. "ಅಮ್ಮ, ಅಜ್ಜನ ದೋಣಿ ಆ ಕಡೆ ಇತ್ತು" ಅಂದ. ನನಗೆ ಅದೇ ಸಾಕಾಗಿತ್ತು. ಏಳು ಗಂಟೆ ದಾಟಿದ ಮೇಲೆ ಒಂದು ನೀಲಿರೆಕ್ಕೆಯ ಟೀಲ್ ಎಂಬ ಪುಟ್ಟ ಬಾತು ಸಿಕ್ಕಿತು. ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಸಂಜೆ ಹೇಳಿದ ಹಾಗೆ ತಾನೇ ಸ್ವಚ್ಛ ಮಾಡಿದ. ನಾಲ್ಕು ಜನಕ್ಕೆ ಎರಡೆರಡು ತುತ್ತು ಬಂತು.

ಹೊರಡುವ ಮುಂಚೆ ದೋಣಿಯ ನೀರೆಲ್ಲ ಬಸಿದು, ಅಂಟಿದ ಜಲಸಸ್ಯ ಕಿತ್ತು ಹಾಕಬೇಕು. ಒಂದು ಕೆರೆಯ ಪಿಡುಗು ಇನ್ನೊಂದಕ್ಕೆ ಹೋಗದಿರಲಿ ಅಂತ ಇಲ್ಲಿ ಕಾನೂನೇ ಇದೆ. ಹುಲ್ಲಿನ ಕಟ್ಟುಗಳ ಸಂದಿನಲ್ಲಿ ಜಾಸ್ತಿ ಸಿಕ್ಕಿಕೊಂಡಿರುತ್ತವೆ, ಅರ್ಧ ಗಂಟೆ ಎತ್ತಿಡಿ.

ಋತು ಮುಗಿಯುವುದರೊಳಗೆ ಇನ್ನೂ ಒಂಬತ್ತು ಸಲ ಅಜ್ಜನ ಜೊತೆ ಹೋಗಿ ಬಂದ. ಡಿಸೆಂಬರ್‌ನಲ್ಲಿ ದೋಣಿ ಒಳಗಿಡುವ ದಿನ ಹುಲ್ಲು ಬಿಚ್ಚಿ, ಕೆಸರು ತೊಳೆದು, ಒರೆಸಿದೆವು. ಮಗ ಬಚ್ಚಲುಮನೆಯಿಂದ ತೂಕದ ಯಂತ್ರ ತಂದ. ಎಲ್ಲ ಕೆಲಸ ಮುಗಿದ ಆಗಸ್ಟ್‌ನಲ್ಲಿ ಮೊದಲನೇ ದೋಣಿ ಬರಿ ಮೈಯಲ್ಲಿ 163 ಪೌಂಡ್ ಇತ್ತು. ಮುಂದಿನ ತುದಿ ಇಟ್ಟು ಒಂದು ಅಂಕಿ, ಹಿಂದಿನ ತುದಿ ಇಟ್ಟು ಇನ್ನೊಂದು. ಕೂಡಿಸಿದ. ಮತ್ತೊಮ್ಮೆ ಕೂಡಿಸಿದ. 163. ಗುಂಡು ಮುಚ್ಚಳ ತಿರುಗಿಸಿ ತೆಗೆದು, ಅದರ ಒಳಮೈಯಲ್ಲಿ ತಾರೀಕು, ತೂಕ ಬರೆದು ಮತ್ತೆ ಬಿಗಿಯಾಗಿ ಹಾಕಿದ.